ಇನ್ನೂರ ಮೂವತ್ತೆಂಟು

ನಿವೃತ್ತನಾಗಿ ಹನ್ನೊಂದು ವರ್ಷವಾದ ಮೇಲೆ
ಯಾದವಗಿರಿಯ ಮನೆಗೆ ಸಮನ್ಸು ಬಂತು.
ರೈಲ್ವೆಯ ಪರ ಸಾಕ್ಷಿ ನಾನು,
ಆಗಿನ ಹಾಜರಿ ಗುಮಾಸ್ತ.

ಮೈಸೂರಿನಲ್ಲಿ ಕ್ಯಾಂಪ್ ಕೋರ್ಟು, ಎರಡೇ ದಿನ.
ಮೆಟ್ಟಿಲ ಮೇಲೆ ಮಂಟೆಲಿಂಗ ಕೂತಿದ್ದ,
ಜವಳಿ ಅಂಗಡಿಯ ಚೀಲದಲ್ಲಿ ಕೇಸಿನ ಕಾಗದ
ಅದರ ಮೇಲೊಂದು ಬುತ್ತಿಗಂಟು.
"ಸಂದಾಕಿದ್ದೀರಾ ಸೋಮಿ? ಕಣ್ಣು ಆಪ್ರೇಸನ್ನಾಯ್ತಂತೆ?"
ದನಿಯಲ್ಲಿ ಸಿಟ್ಟಿರಲಿಲ್ಲ.
ಇದ್ದಿದ್ದರೆ ಚೆನ್ನಾಗಿತ್ತು.
ಈ ಕಣ್ಣಿನ ಪೊರೆ ತೆಗೆದದ್ದು ರೈಲ್ವೆ ಆಸ್ಪತ್ರೆ,
ಒಂದು ಪೈಸೆ ತೆಗೆದುಕೊಳ್ಳದೆ.

ಎಲಿಯೂರು ಗ್ಯಾಂಗು. ಮೀಟರ್‌ಗೇಜಿನ ಕೊನೆಯ ದಿನಗಳು.
ಸ್ಲೀಪರಿನಡಿ ಜಲ್ಲಿ ಬಡಿಯುವವರು ಹತ್ತೊಂಬತ್ತು ಮಂದಿ,
ಬೀಟರು ಎತ್ತಿದರೆ ಒಂದೇ ಉಸಿರು
ಇಳಿಸಿದರೆ ಒಂದೇ ಸದ್ದು.
ಹೊಂಗೆಯ ನೆರಳಲ್ಲಿ ನಾನು
ಕಾಪಿಯಿಂಗ್ ಪೆನ್ಸಿಲ್ಲನ್ನು ನಾಲಗೆಗೆ ತಾಗಿಸಿ ತಾಗಿಸಿ
ಹಾ, ಹಾ, ಹಾ ಎಂದು ತುಂಬುತ್ತಿದ್ದೆ.
ಸಂಜೆ ಹೆಂಡತಿ ನಗುವಳು,
ಎಲ್ಲಿ ಸಿಕ್ಕಿತು ನಿಮಗೆ ಇಷ್ಟು ನೇರಳೆಹಣ್ಣು?

ಇನ್ಸ್‌ಪೆಕ್ಟರು ಟ್ರಾಲಿಯಿಂದ ಇಳಿಯದೆ ಹೇಳಿದ್ದು:
ಇನ್ನೂರ ನಲವತ್ತು ಮುಟ್ಟಬಾರದು, ಯಾರದೂ.
ಮುಟ್ಟಿದರೆ ಇವರೆಲ್ಲ ನಮ್ಮವರಾಗಿಬಿಡುತ್ತಾರೆ.

ಎರಡು ದಿನ ಕಳೆಯುವುದು ಕಷ್ಟವಲ್ಲ,
ಜಲ್ಲಿಯ ರಾಶಿಯಿಂದ ಎರಡು ಕಲ್ಲು.
ಹದಿನೆಂಟು ಮಂದಿಯದು ಯಾವ ಯಾವ ದಿನವೋ ಮರೆತೆ.
ಮಂಟೆಲಿಂಗನದು ನೆನಪಿದೆ.
ಒಂದು, ಲೋಕಪಾವನಿ ಉಕ್ಕಿ
ಸೇತುವೆಯ ಕಂಬದ ಗುರುತು ಮುಳುಗಿದ ದಿನ.
ಕತ್ತಲಾದ ಮೇಲೂ ಒಬ್ಬನೇ ನಿಂತ, ಕೆಂಪು ಲಾಟೀನು ಹಿಡಿದು,
ಕೊನೆಯ ಪ್ಯಾಸೆಂಜರನ್ನು ನಿಲ್ಲಿಸಿದ.
ಇನ್ನೊಂದು, ಅದರ ಮಾರನೆಯ ದಿನ.
ಅವತ್ತೂ ಬಂದಿದ್ದ.
ಒದ್ದೆ ಬಟ್ಟೆಯಲ್ಲೇ.

ಸತ್ಯವನ್ನೇ ಹೇಳುತ್ತೇನೆ ಎಂದೆ, ಹೇಳಿಕೊಟ್ಟ ಹಾಗೆ.
ರೈಲ್ವೆ ವಕೀಲರು ಮಸ್ಟರ್ ರೋಲು ಬಿಚ್ಚಿದರು.
ಅಂಚನ್ನೆಲ್ಲ ಗೆದ್ದಲು ತಿಂದಿದೆ,
ನನ್ನ ನೇರಳೆ ಅಕ್ಷರ ಮಾತ್ರ ಮುಟ್ಟಿಲ್ಲ.
"ಇದು ನಿಮ್ಮ ಕೈಬರಹವೇ?"
"ಹೌದು."
"ಒಟ್ಟು ಎಷ್ಟು ದಿನ?"
"ಬರೆದಿರುವುದು ಇನ್ನೂರ ಮೂವತ್ತೆಂಟು."
"ಇಷ್ಟೇ, ಸ್ವಾಮಿ," ಎಂದು ಕೂತರು.
ನಾನೂ ಇಳಿಯಲು ಕಟಕಟೆಯ ಮರ ಹಿಡಿದೆ.

ಆಗ ಎದ್ದಳು ಮಂಟೆಲಿಂಗನ ವಕೀಲೆ,
ನಾನು ಆ ಪೆನ್ಸಿಲ್ಲು ಹಿಡಿದಾಗ ಹುಟ್ಟಿರಲೂ ಇಲ್ಲ ಅವಳು.
ಹತ್ತಿರ ಬರಲಿಲ್ಲ, ಕಾಗದ ನೋಡಲಿಲ್ಲ.
"ಬರೆದಿರುವುದು, ಅಂದಿರಿ.
ಬಂದಿರುವುದು ಎಷ್ಟು?"

ಟೈಪಿಸ್ಟಿನ ಬೆರಳು ಕೀಲಿಯ ಮೇಲೆ ಕಾಯುತ್ತಿದ್ದವು.
ಮಂಟೆಲಿಂಗ ನನ್ನತ್ತ ನೋಡದೆ
ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.
ನಾನು ನಾಲಗೆ ಚಾಚಿ ತುಟಿ ಒದ್ದೆ ಮಾಡಿಕೊಂಡೆ,
ಹಳೆಯ ರೂಢಿ,
ಬರೆಯುವ ಮುಂಚಿನದು.