ಪಕ್ಕೆಗೆ ಕಿವಿ

ಕತ್ತಲಲ್ಲೇ ವಿಂಗಡಿಸಿಟ್ಟಿದ್ದ ಕ್ಯಾತಪ್ಪ.
ಕೆಮ್ಮುವವು ಈಚೆ, ಕೆಮ್ಮದವು ಆಚೆ,
ನಡುವೆ ಒಂದು ಕಳ್ಳೆ ಬೇಲಿ.
ಬ್ಯಾಟರಿಯನ್ನೂ ಹಚ್ಚಿರಲಿಲ್ಲವಂತೆ.
"ದನಿ ಗೊತ್ತಲ್ಲವ್ವಾ, ಮಕ ಯಾಕೆ ಬೇಕು?"

ಚಳ್ಳಕೆರೆಯಿಂದ ನನ್ನ ಸ್ಕೂಟಿ ದೊಡ್ಡೇರಿ ದಾಟಿ
ಹಟ್ಟಿ ಮುಟ್ಟುವಷ್ಟರಲ್ಲಿ
ಡಬ್ಬಿಯ ಐಸು ಅರ್ಧ ನೀರು.
ಹೊತ್ತಲ್ಲದ ಹೊತ್ತಲ್ಲಿ ಬಂದ ಮಳೆ,
ಮೂರು ರಾತ್ರಿ ನೆಂದ ತುಪ್ಪಟ.
ಬೆರಳಿಂದ ಬಿಡಿಸಿದರೆ ಬುಡದಲ್ಲಿ ಹಕ್ಕಳೆ,
ಹಕ್ಕಳೆ ಎದ್ದಲ್ಲಿ ಹಸಿ ಕೆಂಪು,
ಕೂದಲು ಸುಣ್ಣದ ಕುಂಚದ ಹಾಗೆ
ಗೊಂಚಲುಗೊಂಚಲಾಗಿ ಕೈಗೇ ಬಂತು.
"ಈ ಸಲ ಕಂಬಳಿಗಿಲ್ಲ ಇದರುಣ್ಣೆ" ಎಂದಳು ಸಿರಿಯಮ್ಮ.
ಅಷ್ಟೇ ಹೇಳಿ ಬೇವಿನೆಣ್ಣೆ ತರಲು ಹೋದಳು.

ಅದು ಚರ್ಮದ ಮಾತು.
ಟಗರು ಕುತ್ತಿಗೆ ಚಾಚಿ, ಮುಂಗಾಲು ಅಗಲಿಸಿ ನಿಂತಿತ್ತು,
ಮೂಗಿನಿಂದ ಹಳದಿ ಎಳೆ,
ಥರ್ಮಾಮೀಟರಿನಲ್ಲಿ ನೂರಾ ಆರು.
ಎದುರು ಗುಡ್ಡದ ಮೇಲೆ ಹನ್ನೊಂದು ಗಾಳಿಯಂತ್ರ
ಬಿಡುವಿಲ್ಲದೆ ತಿರುಗುತ್ತಿದ್ದವು.
ಇಲ್ಲಿ ಒಂದು ಮೂಗಿಗೆ ಸಾಲದು.

ಸ್ಟೆತೊಸ್ಕೋಪು ಪಕ್ಕೆಗಿಟ್ಟೆ.
ಒಣ ಶೇಂಗಾ ಸಿಪ್ಪೆಯ ಮೇಲೆ ಯಾರೋ
ಬರಿಗಾಲಲ್ಲಿ ಕದ್ದು ನಡೆಯುತ್ತಿದ್ದಾರೆ.

"ಏನದರ ಹೆಸರು?"
"ಪಾಶ್ಚುರೆಲ್ಲಾ."
"ಹೆಣ್ಣೆಸ್ರು ಇದ್ದಂಗೈತೆ."
"ಯಾವಾಗಲೂ ಮೂಗಲ್ಲೇ ಇರುತ್ತೆ ಅಜ್ಜಾ, ಸುಮ್ಮನೆ.
ಕುರಿ ನೆಂದಾಗ, ದಣಿದಾಗ ಒಳಗಿಳಿಯುತ್ತೆ."
"ಹಂಗಾರೆ ಮನೆಯೋಳೇ ಅನ್ನು."

ತನಗೂ ಕೊಡು ಎಂದ. ಕೊಟ್ಟೆ.
ಮೊದಲು ಬೇಲಿಯಾಚೆಯ ಮರಿಯೊಂದಕ್ಕೆ ಇಟ್ಟು
"ಇದ್ರಾಗೆ ಯಾರೂ ಇಲ್ಲ" ಎಂದ, ಸಮಾಧಾನದಿಂದ.
ಆಮೇಲೆ ಟಗರಿಗೆ. ಬಹಳ ಹೊತ್ತು.
"ಅಂಬಲಿ ಕುದ್ದಂಗೈತೆ."
ಆಮೇಲೆ, ನಾನು ಸೂಜಿಗೆ ಮದ್ದು ಎಳೆಯುತ್ತಿದ್ದಾಗ,
ಅಂಗಿ ಸರಿಸಿ ತನ್ನೆದೆಗೆ.
ಕಾದ ಹಂಚು ಮುಟ್ಟಿದವನಂತೆ ಕಿತ್ತ.
"ನಿಮ್ದು ದನದಾಸ್ಪತ್ರೆ ಅಲ್ವಾ" ಎಂದು ನಕ್ಕ.
ಹಿರಿಯೂರಿನ ದೊಡ್ಡಾಸ್ಪತ್ರೆಗೆ ಹೋಗು ಎಂದೆ.
ಕೇಳಿಸದವನ ಹಾಗೆ ಟಗರಿನ ಕೊಂಬು ಹಿಡಿದ.

"ಇಪ್ಪತ್ತೆಂಟು ದಿನ ಮಾರೋ ಹಾಗಿಲ್ಲ, ಕಡಿಯೋ ಹಾಗಿಲ್ಲ.
ಮಾಂಸದಲ್ಲಿ ಮದ್ದು ಉಳಿಯುತ್ತೆ."
ಹರಪನಹಳ್ಳಿಯವರ ಮುಂಗಡ ಅವನ ಸೊಂಟದಲ್ಲಿತ್ತು.
ಹಗ್ಗವೊಂದಕ್ಕೆ ಗಂಟು ಹಾಕುತ್ತ ಕೂತ,
ದಿನಕ್ಕೊಂದು. ಏಳನೆಯದಕ್ಕೆ ನಿಂತು ಕೇಳಿದ:
"ಇಪ್ಪತ್ತೆಂಟೇನಾ? ಇಪ್ಪತ್ತಾದ್ರೆ?"
ಇಪ್ಪತ್ತೆಂಟೇ, ಅಂದೆ.
ಬೈದ. ನನ್ನನ್ನೋ, ಮಳೆಯನ್ನೋ, ಆ ಹೆಣ್ಣೆಸ್ರನ್ನೋ.
ಎಂಟನೆಯ ಗಂಟು ಹಾಕಿದ.

ನಾಲ್ಕನೆಯ ದಿನ ಬೆಳಗ್ಗೆ ಫೋನು.
ಹಲೋ ಎಂದರೆ ಮಾತಿಲ್ಲ.
ಗಾಳಿ, ಒಂದು ಗಂಟೆಯ ಕಿಣಿ,
ಆಮೇಲೆ ಹತ್ತಿರದಲ್ಲಿ, ಬಹಳ ಹತ್ತಿರದಲ್ಲಿ,
ಕರುಕುರು, ಕರುಕುರು,
ಟಗರು ಮೆಲುಕು ಹಾಕುತ್ತಿತ್ತು.
ಉಸಿರು ಬಿಗಿಹಿಡಿದು ಕೇಳಿದೆ.
ಅದರ ಹಿಂದೆ, ಫೋನು ಹಿಡಿದ ಕೈಯ ಕಡೆಯಿಂದ,
ಒಂದು ಕೆಮ್ಮು.