ಗುಂಜಿ ತೂಕ

ಕಾಲೇಜಿನ ತಕ್ಕಡಿ ಕೆಟ್ಟು ಎರಡು ವರ್ಷ.
ಹಾಗಾಗಿ ಮುದಗಲ್ಲಿನ ಚಿಪ್ಪುಗಳನ್ನೆಲ್ಲ
ಮೌನೇಶ ಪತ್ತಾರರ ಅಂಗಡಿಯಲ್ಲೇ ತೂಗಿದೆ:
ಈಚೆ ತಟ್ಟೆಯಲ್ಲಿ ಬಸವನಹುಳು ಬಿಟ್ಟುಹೋದ ಮನೆ,
ಆಚೆ ತಟ್ಟೆಯಲ್ಲಿ ಗುಲಗಂಜಿ.
ಮಿಲಿಗ್ರಾಮಿಗೆ ಆಮೇಲೆ ತಿರುಗಿಸಿಕೊಂಡೆ.

ಕೋಟೆಗೋಡೆಯ ಸಂದಿಯಲ್ಲಿ ಸಿಕ್ಕವು ಅರವತ್ತು,
ಊರಾಚೆ ಗುಡ್ಡದ ಬಂಡೆಯಡಿ ಮೂವತ್ತೊಂದು.
ಕೆಲವು ಖಾಲಿ. ಕೆಲವು ಬೇಸಿಗೆಗೆ ಹೆದರಿ
ಹಪ್ಪಳದಂಥ ಕದ ಹಾಕಿಕೊಂಡು ಮಲಗಿದ್ದವು.
ಎಲ್ಲವೂ ಬಲಮುರಿ. ಎಲ್ಲಕ್ಕೂ ಐದೂವರೆ ಸುತ್ತು,
ನಡುವಿಗೊಂದು ಕಂದು ಪಟ್ಟಿ, ಹೊರಳಿದ ತುಟಿ.
ನೆತ್ತಿಯಿಂದ ತುಟಿಯವರೆಗೆ ಅಳೆದೆ,
ಎತ್ತರವನ್ನು ಅಗಲದಿಂದ ಭಾಗಿಸಿದೆ,
ನಕ್ಷೆಯಲ್ಲಿ ಚುಕ್ಕೆಯಿಟ್ಟೆ.
ಚುಕ್ಕೆಗಳು ತಾವಾಗಿ ಎರಡು ಗುಂಪಾದವು:
ಕೋಟೆಯವು ದಪ್ಪ, ಎತ್ತರ, ಭಾರ;
ಗುಡ್ಡದವು ಚಪ್ಪಟೆ, ಬೆಳಕಿಗೆ ಹಿಡಿದರೆ
ಆಚೆಗಿನ ನನ್ನ ಬೆರಳು ಕಾಣುವಷ್ಟು ತೆಳು.
ಎರಡು ಜಾತಿ, ಎಂದು ಬರೆದೆ.
ಅಡಿಗೆರೆಯನ್ನೂ ಎಳೆದೆ.

ಪತ್ತಾರರು ಕುಲುಮೆಯಿಂದ ಕಣ್ಣೆತ್ತಲಿಲ್ಲ.
"ಕ್ವಾಟಿ ಒಳಗಿನವರದೊಂದು ಜಾತಿ, ಹೊರಗಿನವರದೊಂದು ಜಾತಿ.
ಹಂಗೇನ್ರಿ ಮೇಡಂ?
ಮಾಟ ನೋಡಿ ಬಂಗಾರ ಅನಬ್ಯಾಡ್ರಿ. ಒರೆಗೆ ಹಚ್ಚ್ರಿ."

ಒರೆಗಲ್ಲು ಹೈದರಾಬಾದಿನಲ್ಲಿತ್ತು.
ಪಾದದಿಂದ ಸಾಸಿವೆಯಷ್ಟು ಕತ್ತರಿಸಿ
ಸ್ಪಿರಿಟ್ಟಿನ ಸೀಸೆಗಿಳಿಸಿ ಕಳಿಸಿದೆ.
ಕೊಂಬು ಒಳಗೆಳೆದುಕೊಂಡ ಬಗೆಯನ್ನು
ಯಾವ ಕಾಲಮ್ಮಿನಲ್ಲೂ ತುಂಬಲಿಲ್ಲ.

ಆಷಾಢ ಮುಗಿಯುವಾಗ ಉತ್ತರ ಬಂತು.
ಹುಳುವಿಗೊಂದು ಸಾಲು, ಸಾಲಿಗೆ ಆರುನೂರ ಐವತ್ತೈದು ಅಕ್ಷರ,
ನಾಲ್ಕೇ ಅಕ್ಷರದ ವರ್ಣಮಾಲೆ,
ಓದುವವರು ಉಸಿರು ತೆಗೆಯಲು ಜಾಗವಿಲ್ಲ.
ಗುಡ್ಡದ್ದಕ್ಕೂ ಕೋಟೆಯದಕ್ಕೂ ಎರಡು ಕಡೆ ಮಾತ್ರ ವ್ಯತ್ಯಾಸ.
ಒಂದೇ ಬಳ್ಳಿ.
ಕೋಟೆಯದು ಗಾರೆಯ ಸುಣ್ಣ ನೆಕ್ಕಿ ನೆಕ್ಕಿ ದಪ್ಪವಾಗಿತ್ತು, ಅಷ್ಟೇ.
ಯಾವನೋ ದೊರೆ ಸುಡಿಸಿದ ಸುಣ್ಣ
ಕಾವಲು ಮುಗಿಸಿ, ಹುಳುವಿನ ಬೆನ್ನೇರಿ ಹೊರಟಿತ್ತು.
ಗುಡ್ಡದಲ್ಲಿ ಬರಿ ಕರಿಗಲ್ಲು;
ಅದು ಯಾರ ನಾಲಿಗೆಗೂ ಏನನ್ನೂ ಬಿಟ್ಟುಕೊಡದು.

ಆದರೆ ಕೋಟೆಯ ಒಂದೇ ಸಂದಿಯಲ್ಲಿ
ಒಂದಕ್ಕೊಂದು ಅಂಟಿ ಮಲಗಿದ್ದ
ಹದಿನೇಳನೆಯದು, ಹದಿನೆಂಟನೆಯದು
ತೊಂಬತ್ತೊಂದು ಅಕ್ಷರ ದೂರ.
ಗೋಡೆ ಏಳುವ ಮೊದಲೇ,
ಗೋಡೆ ಕಟ್ಟುವ ಕೈ ಹುಟ್ಟುವ ಮೊದಲೇ ಬೇರೆಯಾದವು.
ಗೆರೆ ಇತ್ತು.
ನಾನು ಎಳೆದಲ್ಲಿ ಇರಲಿಲ್ಲ.

ಎರಡೂ ಚಿಪ್ಪನ್ನು ಮತ್ತೆ ಅಂಗಡಿಗೆ ಒಯ್ದೆ.
ಪತ್ತಾರರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಉಂಗುರ ತಿರುವಿದಂತೆ ತಿರುವಿದರು.
"ಹೊಕ್ಕಳ ನೋಡ್ರಿ."
ಒಂದರ ಹೊಕ್ಕುಳು ಸೂಜಿಮೊನೆ ಹೋಗುವಷ್ಟು ತೆರೆದಿತ್ತು,
ಇನ್ನೊಂದರದನ್ನು ತುಟಿಯ ಅಂಚು ಬಂದು
ಸೆರಗಿನಂತೆ ಅರ್ಧ ಮುಚ್ಚಿತ್ತು.
ಅಳೆಯದೆ ಬಿಟ್ಟದ್ದು ಅದೊಂದನ್ನೇ.
ಮೊದಲೇ ಯಾಕೆ ಹೇಳಲಿಲ್ಲ, ಎಂದೆ.
"ಬ್ಯಾರೆ ಅಂತ ಗೊತ್ತಾದ ಮ್ಯಾಲ ಕಾಣತೈತ್ರಿ.
ಮೊದಲಿಗೆ ಯಾರಿಗೆ ಕಾಣತೈತಿ?"

ಕಳಿಸದೆ ಉಳಿದಿದ್ದ ಒಂದು ಹುಳು
ಅವರ ಕಡ್ಡಿಪೆಟ್ಟಿಗೆಯಲ್ಲಿತ್ತು.
ಬಂಗಾರ ಅದ್ದಿದ ಬಟ್ಟಲಿನ ನೀರು ಸಿಡಿದು
ಕದ ನೆನೆದಿರಬೇಕು;
ಮೊದಲು ಒಂದು ಕೊಂಬು, ತಡವಾಗಿ ಇನ್ನೊಂದು.
ಹೊರಬಂದು ಒರೆಗಲ್ಲನ್ನು ಹತ್ತಿ
ಇಪ್ಪತ್ತೆರಡು ಕ್ಯಾರೆಟ್ಟಿನ, ಹದಿನೆಂಟರ, ಹಿತ್ತಾಳೆಯ
ಗೀರುಗಳ ಮೇಲೆಲ್ಲ
ತನ್ನದೊಂದು ಬೆಳ್ಳನೆಯ ಗೀರು ಎಳೆಯುತ್ತ ನಡೆಯಿತು.

ಯಾವುದಿದು ಎಂದು ತಿಳಿಯಲು
ಎತ್ತಿ, ಬೋರಲು ಹಾಕಿ, ಹೊಕ್ಕುಳು ನೋಡಬೇಕಿತ್ತು.
ಮೂಗುತಿ ಮಾರಲು ಬಂದ ಹೆಣ್ಣುಮಗಳು
ಕಲ್ಲು ಖಾಲಿಯಾಗುವವರೆಗೆ
ನಮ್ಮ ಜೊತೆ ಕಾದು ನಿಂತಳು.