ಏಳು ಸಲ ಸೋತವನ ಮಾತು

ಇಗರ್ಜಿಯ ನೆಲಮಾಳಿಗೆಯಲ್ಲಿ ಮಣ್ಣಿನ ನಂತರದ ಊಟ.
ಎಲೆಕೋಸಿನ ಸುರುಳಿ, ಆಲೂಗಡ್ಡೆ ತುಂಬಿದ ಪಿರೋಹಿ, ನೀರುನೀರು ಕಾಫಿ.
ಯಾರೋ ಅಂದರು: ಐನಾರ್, ನೀನೂ ಎರಡು ಮಾತಾಡು,
ನಿನ್ನಷ್ಟು ಅವನನ್ನು ಬಲ್ಲವರು ಯಾರಿದ್ದಾರೆ?
ನಿಜವೇ. ಹೆಂಡತಿ ಸ್ಟೆಫಾನಿಯಾ ಒಬ್ಬಳನ್ನು ಬಿಟ್ಟರೆ
ಇಪ್ಪತ್ತೆಂಟು ವರ್ಷ ಅವನ ಮಗ್ಗುಲಲ್ಲಿ
ಮಲಗಿದ್ದವನು ನಾನೇ,
ಮತಪತ್ರದ ಎರಡನೆಯ ಸಾಲಲ್ಲಿ.

ಮೊದಲ ಸಲ ನಾನೂರ ಹನ್ನೊಂದರಿಂದ ಸೋತೆ.
ಆಮೇಲೆ ಸಾವಿರದ ಇನ್ನೂರರಿಂದ.
ಮೂರನೆಯದರ ಲೆಕ್ಕ ಬೇಡ, ಠೇವಣಿಯೂ ಹೋಯಿತು.
ಆ ರಾತ್ರಿ ಒರೆಸ್ಟ್ ಫೋನು ಮಾಡಿದ:
"ಅಗಸೆ ಕೊಯ್ದೆಯೇನು? ನಾಳೆ ಹಿಮ ಅಂತಾರೆ."
ಗೆದ್ದವನ ದನಿಯಾಗಿರಲಿಲ್ಲ ಅದು,
ಧಾನ್ಯದ ಕಣಜದಲ್ಲಿ ತೂಕ ನೋಡುತ್ತಿದ್ದಾಗಿನ
ಹಳೆಯ ದನಿ.

ಅವನ ಕಾರಿನ ಡಿಕ್ಕಿಯಲ್ಲಿ ಏನಿತ್ತು ಗೊತ್ತೇ?
ಒಂದು ಸಲಿಕೆ, ಬ್ಯಾಟರಿ ತಂತಿ,
ಮದುವೆಗೊಂದು, ಸಾವಿಗೊಂದು ಟೈ,
ಹೆಸರು ಬರೆಯದ ಸಂತಾಪದ ಕಾರ್ಡುಗಳ ಕಟ್ಟು.
ಯಾರ ಹಸು ಯಾವಾಗ ಈಯುತ್ತದೆ ಎಂಬುದು
ಅವನಿಗೆ ಗೊತ್ತಿತ್ತು. ನನ್ನ ಹಸುವಿನದೂ.

ರೆಜೈನಾದ ಸಭೆಯಲ್ಲಿ ಅವನಾಡಿದ್ದನ್ನೆಲ್ಲ
ಚಳಿಗಾಲವೊಂದರಲ್ಲಿ ಕೂತು ಓದಿದ್ದೇನೆ,
ತಪ್ಪು ಹುಡುಕಲೆಂದೇ.
ಅರ್ಧದಷ್ಟು ಮಾತು ಒಂದೇ ಮೋರಿಯದು,
ಹದಿನಾಲ್ಕನೇ ಮೈಲಿಯ ಮೋರಿಯದು.
ಹನ್ನೊಂದು ತಿಂಗಳು ಹೆದ್ದಾರಿ ಮಂತ್ರಿಯಾಗಿದ್ದ, ಪುಣ್ಯಾತ್ಮ,
ತನ್ನೂರಿಗೆ ಮಾಡಿಕೊಂಡ ಅಂದಾರೆಂದು
ನಮ್ಮ ರಸ್ತೆಗೆ ಮಾತ್ರ ಡಾಂಬರು ಹಾಕಿಸಲಿಲ್ಲ.
ಜಲ್ಲಿ ಸಿಡಿದು ನನ್ನ ಶಾಲಾ ಬಸ್ಸಿನ ಗಾಜು
ಮೂರು ಸಲ ಒಡೆಯಿತು.
ಬಿಲ್ಲನ್ನು ಅವನಿಗೇ ಕಳಿಸಿದೆ.
ಒಮ್ಮೆ ಕಟ್ಟಿದ, ಸ್ವಂತ ಚೆಕ್ಕಿನಲ್ಲಿ.

ಆಮೇಲೆ ಆಸ್ಪತ್ರೆ.
ಒಂಬತ್ತೇ ಹಾಸಿಗೆಯದು. ನನ್ನ ಮಗಳು ಹುಟ್ಟಿದ್ದು ಅಲ್ಲಿ,
ಅವನ ತಾಯಿ ಕಣ್ಣು ಮುಚ್ಚಿದ್ದು ಅಲ್ಲಿ.
ಮುಚ್ಚಬೇಕೆಂದು ಪಕ್ಷ ಹೇಳಿತು, ಸಚೇತಕ ಎಣಿಸಿದ,
ಇವನು ಕೈಯೆತ್ತಿದ.
ಹಾಕಿ ಮೈದಾನದ ಮಂಜಿನ ಮೇಲೆ ಹಲಗೆ ಹಾಸಿ ಸಭೆ.
ಎರಡು ಗಂಟೆ ನಿಂತೇ ಇದ್ದ, ಟೋಪಿ ಕೈಯಲ್ಲಿ,
ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ.
ಪಕ್ಷ ಅನ್ನಲಿಲ್ಲ, ಬೊಕ್ಕಸ ಬರಿದು ಅನ್ನಲಿಲ್ಲ.
"ಎತ್ತಿದ ಕೈ ನನ್ನದೇ" ಅಂದ, ಅಷ್ಟೇ.

ಮುಂದಿನ ಚುನಾವಣೆ. ಅರವತ್ತಮೂರರಿಂದ ಸೋತೆ.
ಒಂಬತ್ತನೇ ಮತಗಟ್ಟೆ ಅವನ ಬೀದಿಯದು,
ಎಲ್ಲರೂ ಡನಿಲ್ಯುಕ್‌ಗಳು, ಇಲ್ಲವೇ ಅವರ ಅಳಿಯಂದಿರು;
ಅಲ್ಲಿ ನನಗೆ ಎಂದೂ ಸೊನ್ನೆ.
ಆ ಸಲ
ಒಂದು.

ಕರ್ಲಿಂಗ್ ಆಡುವಾಗ ಕೆಣಕಿದೆ: ನಿನ್ನ ಬೀದಿ ಕೆಟ್ಟಿತಲ್ಲೋ.
ಕಲ್ಲನ್ನು ಜಾರಿಬಿಟ್ಟು, ಅದು ನಿಲ್ಲುವವರೆಗೂ ನೋಡಿ,
"ನಲವತ್ತೆರಡು ನೆಂಟರು, ಒಬ್ಬನಿಗಾದರೂ
ಬುದ್ಧಿ ಬಾರದೇ?" ಅಂದ.
ಮತ್ತೆ ಕೇಳಲಿಲ್ಲ ನಾನು.
ಕೇಳಿದ್ದರೆ ಹೇಳುತ್ತಿದ್ದನೋ ಏನೋ.

ಅವನು ನಿವೃತ್ತನಾದ ವರ್ಷ ನಮ್ಮ ಪಕ್ಷದ ಹುಡುಗರು ಬಂದರು.
ಈ ಸಲ ನಿಲ್ಲಿ, ಗೆಲುವು ಅಂಗೈಯಲ್ಲಿದೆ ಎಂದರು.
ಒಲ್ಲೆ ಎಂದೆ.
ಜೋಡಿ ಕಳೆದ ಕೈಗವುಸನ್ನು
ಯಾರು ಹಾಕಿಕೊಳ್ಳುತ್ತಾರೆ?
ಈಗಿನವನು ಸಸ್ಕಟೂನಿನಲ್ಲಿರುತ್ತಾನೆ. ಒಳ್ಳೆಯವನಂತೆ.

ಇಷ್ಟನ್ನೂ ಅಲ್ಲಿ ಹೇಳಬಹುದಿತ್ತು.
ಎದ್ದು ನಿಂತೆ, "ಲೆಕ್ಕದಲ್ಲಿ ಪಕ್ಕಾ ಮನುಷ್ಯ" ಎಂದೆ, ಕೂತೆ.
ಸ್ಟೆಫಾನಿಯಾ ಜೇನಿನ ಕೇಕು ಕಟ್ಟಿಕೊಟ್ಟಳು.

ಮನೆಗೆ ಬರುತ್ತ ಹದಿನಾಲ್ಕನೇ ಮೈಲಿಯಲ್ಲಿ ಗಾಡಿ ನಿಲ್ಲಿಸಿದೆ.
ಹದಿನೇಳು ವರ್ಷ ಕಾಡಿ ತಂದ ಮೋರಿ.
ಹಿಮ ಕರಗಿದ ನೀರು ಕೊಳವೆಯ ಬಾಯಿಗೆ ಬಂದು
ಒಳಗೆ ಹಿಡಿಸದೆ ಸುತ್ತುತ್ತ
ರಸ್ತೆಯ ಅಂಚನ್ನು ತಿನ್ನುತ್ತಿದೆ.
ಆವತ್ತೇ ಹೇಳಿದ್ದೆನಲ್ಲ, ಒರೆಸ್ಟ್,
ಮೂವತ್ತು ಇಂಚು ಸಾಲದು.